ಆಂಡ್ರಾಯ್ಡನ್ನೇ ಡೆಸ್ಕ್‌ಟಾಪ್‌ನ ಸಾಮಾನ್ಯ ಆ್ಯಪ್ ವೇದಿಕೆ ಮಾಡಬಹುದಾ?

ಉದ್ಯಮಬಾಗ_ಲೇಥ್ (ಬೆಳಗಾವಿ)

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಆಮೇಲಿಂದ ರಿಪೇರಿ ಅಂಗಡಿಗೆ ಹೋದರೆ ಒಂದೇ ಮಾತು, ಹೊಸದು ತಗೊಳ್ಳಿ. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್ ಎಂಟನೇ ತಲೆಮಾರಿನ ಚಿಪ್ ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ನಮ್ಮ ಕಡೆ ವರ್ಕ್‌ಶಾಪ್, ಕಿರಾಣಿ ಅಂಗಡಿ, ಟ್ಯೂಷನ್ ಕ್ಲಾಸ್‌ಗಳಲ್ಲಿ ಇರೋದು ಹೆಚ್ಚಾಗಿ ಅದಕ್ಕಿಂತ ಹಳೆಯವು. ಆದರೆ ಅವು ಕೆಟ್ಟಿಲ್ಲ. ಒಂದು ಎಸ್‌ಎಸ್‌ಡಿ, ಎಂಟು ಜಿಬಿ ರ‍್ಯಾಮ್ ಹಾಕಿದರೆ ಇನ್ನೂ ಚೆನ್ನಾಗಿ ಓಡುತ್ತವೆ.

ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಓಎಸ್ ಹಾಕಿಸಿ ಅಂದರೆ ಜನ ಕೇಳೋದು ಒಂದೇ ಪ್ರಶ್ನೆ: ನಾನು ಬಳಸೋ ಆ್ಯಪ್ ಅದರಲ್ಲಿ ಇದೆಯಾ? ಬಹಳ ಸಲ ಇರೋದಿಲ್ಲ. ಆ್ಯಪ್ ಬರೆಯೋರದೂ ತಪ್ಪಲ್ಲ. ಲಿನಕ್ಸ್‌ಗೆ ಅಂತ ಬರೆಯಲು ಕೂತರೆ ಡೆಬ್ ಮಾಡಬೇಕಾ, ಆರ್‌ಪಿಎಂ ಮಾಡಬೇಕಾ, ಫ್ಲ್ಯಾಟ್‌ಪ್ಯಾಕಾ, ಸ್ನ್ಯಾಪಾ, ಆ್ಯಪ್‌ಇಮೇಜಾ, ಯಾವ ಬಗೆಯ ಪ್ಯಾಕೇಜ್ ಅನ್ನೋದರಲ್ಲೇ ಸುಸ್ತಾಗುತ್ತದೆ. ಅದೇ ಆಂಡ್ರಾಯ್ಡ್‌ಗೆ ಒಂದು ಎಪಿಕೆ, ಅಂದರೆ ಆ್ಯಪ್ ಫೈಲ್, ಮಾಡಿದರೆ ಮುಗಿಯಿತು.

ಈಗ ನನ್ನ ಮಾತು. ಆಂಡ್ರಾಯ್ಡ್ ಒಳಗೆ ಇರೋದೂ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್ಲೇ. ಪ್ರತಿ ಆ್ಯಪ್‌ಗೂ ಬೇರೆ ಬೇರೆ ಯೂಸರ್ ಐಡಿ, ಬೇರೆ ಜಾಗ, ಅನುಮತಿ ಕೇಳಿಯೇ ಕ್ಯಾಮೆರಾ ಮುಟ್ಟಬೇಕು, ಕಾಂಟ್ಯಾಕ್ಟ್ಸ್ ಓದಬೇಕು. ಇದು ನಮ್ಮ ಡೆಸ್ಕ್‌ಟಾಪ್‌ಗಳಲ್ಲಿ ಇಂದಿಗೂ ಸರಿಯಾಗಿಲ್ಲ. ಮೂಲ ಕೋಡ್ ಯಾರು ಬೇಕಾದರೂ ಬಳಸಬಹುದಾದ ಅಪಾಚೆ 2.0 ಲೈಸೆನ್ಸ್‌ನಲ್ಲಿ ಸಿಗುತ್ತದೆ. ಹಾಗಾದರೆ ಡೆಸ್ಕ್‌ಟಾಪ್ ಲಿನಕ್ಸ್ ಮಾಡೋರೆಲ್ಲ ಸೇರಿ ಆಂಡ್ರಾಯ್ಡನ್ನೇ ಸಾಮಾನ್ಯ ಆ್ಯಪ್ ಪದರ ಅಂತ ಯಾಕೆ ಒಪ್ಪಿಕೊಳ್ಳಬಾರದು? ಇಡೀ ಕಂಪ್ಯೂಟರನ್ನು ದೊಡ್ಡ ಫೋನ್ ಮಾಡಿ ಅಂತ ಹೇಳುತ್ತಿಲ್ಲ. ಕೆಳಗೆ ಉಬುಂಟುವೋ ಡೆಬಿಯನ್ನೋ ಯಾವುದಾದರೂ ಲಿನಕ್ಸ್ ಇರಲಿ, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಪಕ್ಕದಲ್ಲೇ ಆಂಡ್ರಾಯ್ಡ್ ಆ್ಯಪ್‌ಗಳೂ ತಮ್ಮ ತಮ್ಮ ಕಿಟಕಿಯಲ್ಲಿ ತೆರೆಯಲಿ.

ತಡೆಯುತ್ತಿರೋದು ಏನು? ಬೈಯೋರು ಬೈಯಿರಿ, ಕಾರಣ ಹೇಳಿ ಬೈಯಿರಿ.

ಹಳೆ_ಪೆಂಟಿಯಂ (ವಿಜಯಪುರ)

ತಮ್ಮಾ, ಈ ಮಾತು ಹೊಸದಲ್ಲ. ಇದೇ ಕನಸು ಕಂಡವರ ಪಟ್ಟಿ ಉದ್ದ ಇದೆ.

2009ರಲ್ಲೇ ಪಿಸಿಯಲ್ಲಿ ಆಂಡ್ರಾಯ್ಡ್ ಓಡಿಸೋ ಆಂಡ್ರಾಯ್ಡ್-ಎಕ್ಸ್86 ಶುರುವಾಯಿತು. ಮೊದಲ ಆಂಡ್ರಾಯ್ಡ್ ಫೋನ್ ಬಂದಿದ್ದೇ 2008ರಲ್ಲಿ, ನೆನಪಿರಲಿ. 2011ರಲ್ಲಿ ಮೊಟೊರೊಲಾ ಏಟ್ರಿಕ್ಸ್ ಅಂತ ಒಂದು ಫೋನ್ ತಂದಿತು, ಅದನ್ನು ಲ್ಯಾಪ್‌ಡಾಕ್ ಅನ್ನೋ ಖಾಲಿ ಲ್ಯಾಪ್‌ಟಾಪ್ ಹಿಂದೆ ಚುಚ್ಚಿದರೆ ಕಂಪ್ಯೂಟರ್ ಆಗುತ್ತಿತ್ತು. ಯಾರೂ ಕೊಳ್ಳಲಿಲ್ಲ. 2013ರಲ್ಲಿ ಉಬುಂಟು ಎಡ್ಜ್ ಫೋನಿಗಾಗಿ ಉಬುಂಟು ಮಾಡೋ ಕೆನೋನಿಕಲ್ ಕಂಪನಿ ಜನರಿಂದ 3.2 ಕೋಟಿ ಡಾಲರ್ ಕೇಳಿತು, 1.28 ಕೋಟಿಯಷ್ಟು ಬಂದು ನಿಂತಿತು. ಅವರದು ಉಲ್ಟಾ ದಾರಿ, ಡೆಸ್ಕ್‌ಟಾಪನ್ನು ಫೋನಿಗೆ ಇಳಿಸೋದು. 2017ರ ಏಪ್ರಿಲ್‌ನಲ್ಲಿ ಅದನ್ನೂ ಕೈಬಿಟ್ಟರು. 2015ರಲ್ಲಿ ಗೂಗಲ್‌ನಿಂದ ಹೊರಬಂದವರು ಕಟ್ಟಿದ ಜೈಡ್ ಕಂಪನಿ ರೀಮಿಕ್ಸ್ ಓಎಸ್ ಮಾಡಿತು. ಟಾಸ್ಕ್‌ಬಾರ್, ಸ್ಟಾರ್ಟ್ ಮೆನು, ಎಳೆದು ಹಿಗ್ಗಿಸೋ ಕಿಟಕಿ, ಎಲ್ಲ ಇತ್ತು. ನಾನೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ ಖುಷಿಪಟ್ಟಿದ್ದೆ. 2017ರ ಜುಲೈನಲ್ಲಿ ಸಾಮಾನ್ಯ ಗ್ರಾಹಕರಿಗೆ ಕೊಡೋದನ್ನು ನಿಲ್ಲಿಸಿದರು.

ಇವೆಲ್ಲ ಸಣ್ಣವರು ಅನ್ನಬಹುದು. ಮೈಕ್ರೋಸಾಫ್ಟ್ ಸಣ್ಣದಾ? 2021ರಲ್ಲಿ ವಿಂಡೋಸ್ 11 ಒಳಗೇ ಆಂಡ್ರಾಯ್ಡ್ ಆ್ಯಪ್ ಓಡುತ್ತವೆ ಅಂತ ಡಂಗುರ ಸಾರಿದರು. ಗೂಗಲ್ ಪ್ಲೇ ಇಲ್ಲ, ಅಮೆಜಾನ್ ಆ್ಯಪ್‌ಸ್ಟೋರ್ ಮಾತ್ರ. 2025ರ ಮಾರ್ಚ್ 5ಕ್ಕೆ ಬಾಗಿಲು ಹಾಕಿದರು.

ಇಷ್ಟು ಜನ ಕೈಸುಟ್ಟುಕೊಂಡ ಮೇಲೆ ನಾವು ಯಾಕೆ?

ಉದ್ಯಮಬಾಗ_ಲೇಥ್ (ಬೆಳಗಾವಿ)

ಕಾಕಾ, ಪಟ್ಟಿ ಚೆನ್ನಾಗಿದೆ. ಆದರೆ ಇದರಲ್ಲಿ ತಂತ್ರಜ್ಞಾನ ಕೈಕೊಟ್ಟಿದ್ದು ಎಷ್ಟು, ದುಡ್ಡು ಕೈಕೊಟ್ಟಿದ್ದು ಎಷ್ಟು? ರೀಮಿಕ್ಸ್ ಕೆಲಸ ಮಾಡುತ್ತಿತ್ತು ಅಂತ ನೀವೇ ಹೇಳಿದಿರಿ. ವಿಂಡೋಸ್‌ನದಂತೂ ಪ್ಲೇ ಸ್ಟೋರ್ ಇಲ್ಲದ ಆಂಡ್ರಾಯ್ಡ್, ಅದರಲ್ಲಿ ಜನಕ್ಕೆ ಬೇಕಾದ ಆ್ಯಪ್ಪೇ ಇರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಬದುಕಿ ಉಳಿದವು ಯಾಕಿಲ್ಲ? ಫೋನನ್ನು ಮಾನಿಟರ್‌ಗೆ ಜೋಡಿಸಿ ಡೆಸ್ಕ್‌ಟಾಪ್‌ನಂತೆ ಬಳಸೋ ಸ್ಯಾಮ್‌ಸಂಗ್ ಡೆಕ್ಸ್ 2017ರಲ್ಲಿ ಎಸ್8 ಜೊತೆ ಬಂತು, ಇವತ್ತಿಗೂ ಇದೆ. ಗೂಗಲ್‌ನ ಕ್ರೋಮ್ ಓಎಸ್ ಓಡೋ ಲ್ಯಾಪ್‌ಟಾಪ್ ಕ್ರೋಮ್‌ಬುಕ್‌ಗೆ 2016ರಲ್ಲಿ ಪ್ಲೇ ಸ್ಟೋರ್ ಬಂತು, ಅದೂ ಇದೆ. 2025ರಲ್ಲಂತೂ ಕ್ರೋಮ್ ಓಎಸ್ ಮತ್ತು ಆಂಡ್ರಾಯ್ಡ್ ಎರಡನ್ನೂ ಒಂದೇ ಬುಡದ ಮೇಲೆ ತರುತ್ತೇವೆ ಅಂತ ಗೂಗಲ್‌ನವರೇ ಬಾಯಿಬಿಟ್ಟು ಹೇಳಿದ್ದಾರೆ.

ಕೋಡ್_ಕರದಂಟು (ಗೋಕಾಕ, ಓದುತ್ತಿರೋದು ಬೆಳಗಾವಿಯಲ್ಲಿ)

ಅಣ್ಣಾ, ತಂತ್ರಜ್ಞಾನ ಕೈಕೊಟ್ಟಿಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪೋದಿಲ್ಲ. ನಾನು ಆಂಡ್ರಾಯ್ಡ್ ಆ್ಯಪ್ ಬರೆಯುತ್ತೇನೆ, ಫೈನಲ್ ಇಯರ್ ಪ್ರಾಜೆಕ್ಟ್ ಕೂಡ ಅದೇ. ಹೊರಗಿನವರಿಗೆ ಕಾಣದ ಒಂದು ತೊಂದರೆ ಹೇಳುತ್ತೇನೆ.

ಫೋನಿನಲ್ಲಿ ಆ್ಯಪ್ ತೆರೆಗೆ ತುಂಬ ಕೂತಿರುತ್ತದೆ. ಫೋನ್ ಅಡ್ಡ ತಿರುಗಿಸಿದರೆ ಆಂಡ್ರಾಯ್ಡ್ ಆ ತೆರೆಯನ್ನು ಕೆಡವಿ ಮತ್ತೆ ಹೊಸದಾಗಿ ಕಟ್ಟುತ್ತದೆ. ಅಲ್ಲಿವರೆಗೆ ಟೈಪ್ ಮಾಡಿದ್ದನ್ನು ಎತ್ತಿಟ್ಟುಕೊಳ್ಳೋದು ಆ್ಯಪ್ ಬರೆದವನ ಜವಾಬ್ದಾರಿ. ಬಹಳ ಜನ ಏನು ಮಾಡಿದರು? ನನ್ನ ಆ್ಯಪ್ ನೆಟ್ಟಗೆ ಮಾತ್ರ ನಿಲ್ಲುತ್ತದೆ, ತಿರುಗೋದೇ ಇಲ್ಲ ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡರು. ಈಗ ಅದೇ ಆ್ಯಪನ್ನು ಡೆಸ್ಕ್‌ಟಾಪ್‌ಗೆ ತನ್ನಿ. ಕಿಟಕಿಯ ಮೂಲೆ ಹಿಡಿದು ಎಳೆದರೆ ಅದೂ ಫೋನ್ ತಿರುಗಿಸಿದಂತೆಯೇ ಲೆಕ್ಕ. ಎಳೆಯುವಾಗ ಆ್ಯಪ್ ಮತ್ತೆ ಮತ್ತೆ ಹುಟ್ಟುತ್ತದೆ. ಅರ್ಧ ತುಂಬಿದ ಫಾರ್ಮ್ ಮಾಯ. ಇದನ್ನು ನಾನೇ ಡೆಕ್ಸ್‌ನಲ್ಲಿ ನೋಡಿದ್ದೇನೆ, ಸಿಟ್ಟು ಬರುತ್ತದೆ.

ಇನ್ನೊಂದು, ಆಂಡ್ರಾಯ್ಡ್‌ಗೆ ಮೆಮೊರಿ ಕಡಿಮೆಯಾದರೆ ಹಿಂದೆ ಇರುವ ಆ್ಯಪ್‌ಗಳನ್ನು ಸುಮ್ನೆ ಕೊಂದುಬಿಡುತ್ತದೆ. ಫೋನಿನಲ್ಲಿ ಅದು ಸರಿ. ಡೆಸ್ಕ್‌ಟಾಪ್‌ನಲ್ಲಿ ನಾವು ಒಂದು ಕೆಲಸ ಹಚ್ಚಿ ಚಹಾ ಕುಡಿಯಲು ಹೋಗೋರು, ಬಂದು ನೋಡಿದರೆ ಕೆಲಸವೇ ಇಲ್ಲ ಅಂದರೆ?

ಹಾಗಂತ ಗೂಗಲ್ ಸುಮ್ಮನೆ ಕೂತಿಲ್ಲ. 2016ರ ಆಂಡ್ರಾಯ್ಡ್ 7ರಲ್ಲಿ ಎರಡು ಕಿಟಕಿ ಬಂತು, ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಎಳೆದು ಹಾಕೋದು ಬಂತು. ಆಂಡ್ರಾಯ್ಡ್ 10ರಲ್ಲಿ ಡೆವಲಪರ್ ಆಯ್ಕೆಗಳ ಒಳಗೆ ಡೆಸ್ಕ್‌ಟಾಪ್ ಮೋಡ್ ಅಂತ ಬಚ್ಚಿಟ್ಟಿದ್ದರು. ದೊಡ್ಡ ಹೆಜ್ಜೆ ಬಂದಿದ್ದು 2025ರ ಆಂಡ್ರಾಯ್ಡ್ 16ರಲ್ಲಿ. ತೆರೆಯ ಕಿರಿದಾದ ಬದಿ 600 ಡಿಪಿ (ತೆರೆ ಅಳೆಯೋ ಮಾನ) ಅಥವಾ ಜಾಸ್ತಿ ಇದ್ದರೆ, ಹೊಸ ಎಪಿಐ (ಆ್ಯಪ್ ಸಿಸ್ಟಂ ಜೊತೆ ಮಾತಾಡೋ ನಿಯಮಗಳು) ಗುರಿ ಇಟ್ಟುಕೊಂಡ ಆ್ಯಪ್ ನೆಟ್ಟಗೆ ಮಾತ್ರ ನಿಲ್ಲುತ್ತೇನೆ ಅಂತ ಹಟ ಮಾಡಿದರೂ ಸಿಸ್ಟಂ ಕೇಳೋದಿಲ್ಲ. ಗೇಮ್‌ಗಳಿಗೆ ವಿನಾಯಿತಿ ಇದೆ. ಇದು ನಮ್ಮಂಥ ಆ್ಯಪ್ ಬರೆಯೋರ ಕಿವಿ ಹಿಂಡಿದ್ದು. ಹಿಂಡಲೇಬೇಕಿತ್ತು ಬಿಡಿ.

ಮಗ್ಗದ_ಮನೆ (ಬನಹಟ್ಟಿ)

ನನಗೆ ಎಪಿಐ ಗಿಪಿಐ ತಿಳಿಯೋದಿಲ್ಲ. ನಮ್ಮಲ್ಲಿ ಪವರ್‌ಲೂಮ್ ಇದೆ. ಸೀರೆ ಅಂಚಿನ ಡಿಸೈನ್ ಕಂಪ್ಯೂಟರ್‌ನಲ್ಲಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಜಕಾರ್ಡ್‌ಗೆ ಕೊಡುತ್ತೇವೆ. ಡಿಸೈನ್ ಮಾಡೋ ಸಾಫ್ಟ್‌ವೇರ್ ವಿಂಡೋಸ್‌ನದು, ಅದು ತೆರೆಯಲು ಕಂಪ್ಯೂಟರ್‌ಗೆ ಚುಚ್ಚಿಡೋ ಡಾಂಗಲ್ ಬೇರೆ. ಇದು ಆಂಡ್ರಾಯ್ಡ್‌ನಲ್ಲಿ ಬರುತ್ತದಾ?

ಕೋಡ್_ಕರದಂಟು

ಇಲ್ಲ ಕಾಕಾ. ಅದಕ್ಕೆ ಆಂಡ್ರಾಯ್ಡ್ ಉತ್ತರ ಅಲ್ಲ.

ಹಳೆ_ಪೆಂಟಿಯಂ

ನೋಡ್ರಿ, ಇಲ್ಲೇ ಇದೆ ವಿಷಯ. ಡೆಸ್ಕ್‌ಟಾಪ್ ಅಂದರೆ ತೆರೆ ದೊಡ್ಡದು ಅಂತ ಅಲ್ಲ. ಹಿಂದೆ ಚುಚ್ಚಿದ ತಂತಿಗಳು. ನಮ್ಮಲ್ಲಿ ಸಕ್ಕರೆ ಕಾರ್ಖಾನೆ ಹೊರಗೆ ವೇ ಬ್ರಿಡ್ಜ್ ನೋಡಿ, ಕಬ್ಬಿನ ಟ್ರ್ಯಾಕ್ಟರ್ ತೂಗಿದ ಲೆಕ್ಕ ಸೀರಿಯಲ್ ಪೋರ್ಟ್‌ನಿಂದ ಕಂಪ್ಯೂಟರ್‌ಗೆ ಬರುತ್ತದೆ. ಉದ್ಯಮಬಾಗದ ತಮ್ಮನಿಗೆ ಗೊತ್ತಿರಬೇಕು, ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯೋ ಹಳೆ ಸಿಎನ್‌ಸಿ ಮಷಿನ್‌ಗೆ ಪ್ರೋಗ್ರಾಂ ಕಳಿಸೋದೂ ಅದೇ ಸೀರಿಯಲ್ (ಆರ್‌ಎಸ್-232) ತಂತಿಯಲ್ಲಿ. ಲಿನಕ್ಸ್‌ನಲ್ಲಿ ಯುಎಸ್‌ಬಿ-ಸೀರಿಯಲ್ ಕೇಬಲ್ ಚುಚ್ಚಿದರೆ ಒಂದು ಡಿವೈಸ್ ಫೈಲ್ ಬರುತ್ತದೆ, ಅನುಮತಿ ಇದ್ದರೆ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ತೆರೆದು ಓದಬಹುದು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯ ಆ್ಯಪ್‌ಗೆ ಆ ಫೈಲ್ ಮುಟ್ಟಲು ಬಿಡೋದಿಲ್ಲ. 2011ರ 3.1ರಿಂದ ಯುಎಸ್‌ಬಿ ಹೋಸ್ಟ್ ಅಂತ ಒಂದು ದಾರಿ ಇದೆ, ಆದರೆ ಆ ಚಿಪ್‌ಗೆ ಬೇಕಾದ ಡ್ರೈವರನ್ನು ಆ್ಯಪ್ ತನ್ನೊಳಗೇ ಹೊತ್ತು ತರಬೇಕು.

ಉದ್ಯಮಬಾಗ_ಲೇಥ್

ಗೊತ್ತು ಕಾಕಾ, ನನ್ನ ಹತ್ತಿರವೂ ಅಂಥ ಮಷಿನ್ ಇದೆ. ಅದಕ್ಕೇ ಕೆಳಗೆ ಲಿನಕ್ಸ್ ಇರಲಿ ಅಂದಿದ್ದು. ಸಿಎನ್‌ಸಿಗೆ ಕಳಿಸೋದು ಲಿನಕ್ಸ್ ಪ್ರೋಗ್ರಾಂನಿಂದ, ಗಿರಾಕಿಯ ಬಿಲ್ಲು, ಯುಪಿಐ, ಸಾಗಣೆಯ ಆ್ಯಪ್ ಆಂಡ್ರಾಯ್ಡ್ ಕಡೆಯಿಂದ. ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿ ಅಂತ ಯಾರು ಹೇಳಿದರು?

ಅಚ್ಚುಕೂಟ_ಅಕ್ಕ (ಬಾಗಲಕೋಟೆ, ನವನಗರ)

ನನ್ನದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್. ನೀವು ಗಂಡಸರು ಕಿಟಕಿ ಎಳೆಯೋದು ಬಿಡೋದು ಅಂತ ಮಾತಾಡುತ್ತಿದ್ದೀರಿ, ಕನ್ನಡ ಟೈಪ್ ಮಾಡೋದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ನಮ್ಮ ಅಂಗಡಿಯ ಫೈಲ್‌ಗಳೆಲ್ಲ ಪುಟ ಕಟ್ಟೋ ಪೇಜ್‌ಮೇಕರ್‌ನಲ್ಲಿವೆ, ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟ್. ಅಡೋಬ್ ಪೇಜ್‌ಮೇಕರ್ ನಿಲ್ಲಿಸಿ ಯಾವ ಕಾಲವಾಯಿತು, ಆದರೂ ನಮ್ಮ ಕಡೆ ಅದೇ ಓಡುತ್ತಿದೆ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಹೆಸರು, ಮುಹೂರ್ತ, ಸ್ಥಳ ಎಲ್ಲ ಈಗಿನ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಕಳಿಸುತ್ತಾರೆ. ಅದನ್ನು ಕಾಪಿ ಮಾಡಿ ಪೇಜ್‌ಮೇಕರ್‌ಗೆ ಹಾಕಿದರೆ ಬರೀ ಪ್ರಶ್ನೆ ಚಿಹ್ನೆ. ಮೊದಲು ಯೂನಿಕೋಡ್‌ನಿಂದ ಆಸ್ಕಿಗೆ ಬದಲಾಯಿಸಬೇಕು, ಆಮೇಲೆ ಒತ್ತಕ್ಷರ ಎಲ್ಲಿ ಹಾರಿದೆ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅರ್ಕಾವತ್ತು ಬಂದಲ್ಲಿ ಬೀಗರ ಹೆಸರೇ ಬದಲಾಗುತ್ತದೆ. ಆಂಡ್ರಾಯ್ಡ್ ಪಕ್ಕದಲ್ಲಿ ಇದ್ದರೆ ಇದು ತಪ್ಪುತ್ತದಾ? ಇಲ್ಲ ತಾನೇ?

ಎರಡನೇದು ಕೀಲಿಮಣೆ. ನನ್ನ ಕೈಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಕೂತುಬಿಟ್ಟಿದೆ. ಕೆ.ಪಿ.ರಾವ್ ಅವರ ವಿನ್ಯಾಸದಿಂದ ಬಂದಿದ್ದು, ಸರ್ಕಾರ ಒಪ್ಪಿದ್ದೂ ಅದನ್ನೇ. ಟ್ಯಾಬ್‌ಗೆ ಕೀಬೋರ್ಡ್ ಚುಚ್ಚಿ ನೋಡಿದೆ, ತೆರೆ ಮೇಲೆ ಬೆರಳಿಂದ ಒತ್ತಿದರೆ ಕನ್ನಡ ಬರುತ್ತದೆ, ನಿಜವಾದ ಕೀಲಿ ಒತ್ತಿದರೆ ಇಂಗ್ಲಿಷ್ ಬರುತ್ತದೆ. ದಿನಕ್ಕೆ ಪುಟಗಟ್ಟಲೆ ಹೊಡೆಯೋರು ಗಾಜಿನ ಮೇಲೆ ಬೆರಳು ತಿಕ್ಕುತ್ತಾ ಕೂರಬೇಕಾ?

ಕೋಡ್_ಕರದಂಟು

ಅಕ್ಕಾ, ಈ ಚರ್ಚೆಯ ಅತ್ಯಂತ ಒಳ್ಳೆಯ ಪ್ರಶ್ನೆ ಇದು.

ಆಂಡ್ರಾಯ್ಡ್‌ನಲ್ಲಿ ನಿಜವಾದ ಕೀಬೋರ್ಡ್‌ಗೆ ಒಂದು ನಕ್ಷೆ ಫೈಲ್ ಇರುತ್ತದೆ, ಈ ಕೀಲಿ ಒತ್ತಿದರೆ ಈ ಅಕ್ಷರ ಅಂತ. ಅಷ್ಟೇ. ಕೆಜಿಪಿಗೆ ಅದು ಸಾಲದು. ಬರೀ ಇ ಒತ್ತಿದರೆ ಇ ಬರಬೇಕು, ಕ ಆದ ಮೇಲೆ ಅದೇ ಕೀಲಿ ಒತ್ತಿದರೆ ಕಿ ಆಗಬೇಕು. ಅಂದರೆ ಹಿಂದೆ ಏನು ಟೈಪ್ ಆಗಿದೆ ಅಂತ ನೋಡಿ ನಿರ್ಧಾರ ಮಾಡೋ ಬುದ್ಧಿ ಬೇಕು. ಆ ಬುದ್ಧಿ ಇರೋದು ಕೀಬೋರ್ಡ್ ಆ್ಯಪ್‌ನಲ್ಲಿ. ಆಂಡ್ರಾಯ್ಡ್‌ನ ಕೀಬೋರ್ಡ್ ಆ್ಯಪ್‌ಗೆ ನಿಜವಾದ ಕೀಲಿಗಳ ಒತ್ತನ್ನೂ ಹಿಡಿಯೋ ಅವಕಾಶ ಇದೆ. ಹಾಗಾಗಿ ಆಗದ ಕೆಲಸ ಅಲ್ಲ, ಬರೆಯಲು ಯಾರಾದರೂ ಕೂರಬೇಕು. ಲಿನಕ್ಸ್ ಕಡೆ ಐಬಸ್ ಮತ್ತು ಎಂ17ಎನ್ ಅನ್ನೋ ಟೈಪಿಂಗ್ ವ್ಯವಸ್ಥೆಗಳಲ್ಲಿ ಕೆಜಿಪಿ ಮೊದಲಿನಿಂದಲೂ ಇದೆ, ಲಿಬ್ರೆಆಫೀಸ್‌ನಲ್ಲಿ ಆರಾಮಾಗಿ ಹೊಡೆಯಬಹುದು. ಆದರೆ ನನ್ನ ಕಂಪ್ಯೂಟರ್‌ನಲ್ಲಿ ಆಂಡ್ರಾಯ್ಡ್ ಆ್ಯಪ್‌ನ ಕಿಟಕಿಗೆ ಕರ್ಸರ್ ಇಟ್ಟ ಕೂಡಲೇ ಐಬಸ್ ಹೊರಗೇ ನಿಂತುಬಿಡುತ್ತದೆ.

ಆಸ್ಕಿ ಫಾಂಟ್ ವಿಷಯ ಬೇರೆ. ಅದು ಯಾವ ಓಎಸ್ ಬಂದರೂ ಹೋಗೋದಿಲ್ಲ, ನೀವು ಯೂನಿಕೋಡ್‌ಗೆ ಬಂದರೆ ಮಾತ್ರ ಹೋಗುತ್ತದೆ.

ಅಚ್ಚುಕೂಟ_ಅಕ್ಕ

ಬರುತ್ತೇನೆ ತಮ್ಮಾ, ಹಳೆಯ ಫೈಲ್‌ಗಳನ್ನೆಲ್ಲ ನೀನು ಬಂದು ಬದಲಾಯಿಸಿ ಕೊಡು. ಊಟ ನಮ್ಮ ಮನೆಯಲ್ಲೇ.

ಪ್ರಿಂಟರ್ ಬಗ್ಗೆಯೂ ಹೇಳು. ಹಳೆಯ ಯುಎಸ್‌ಬಿ ಲೇಸರ್ ಒಂದಿದೆ, ಬಿಲ್‌ಗೆ ಡಾಟ್ ಮ್ಯಾಟ್ರಿಕ್ಸ್ ಇದೆ.

ಕೋಡ್_ಕರದಂಟು

ಊಟಕ್ಕೆ ಬಂದೇ ಬರುತ್ತೇನೆ. ಪ್ರಿಂಟಿಂಗ್ ಆಂಡ್ರಾಯ್ಡ್‌ಗೆ ಬಂದಿದ್ದೇ 2013ರ 4.4ರಲ್ಲಿ. ವೈಫೈ ಇರುವ ಹೊಸ ಪ್ರಿಂಟರ್ ಆದರೆ ತಾನೇ ಹುಡುಕಿಕೊಳ್ಳುತ್ತದೆ. ಹಳೆಯ ಯುಎಸ್‌ಬಿ ಲೇಸರ್‌ಗೆ ಕಂಪನಿಯ ಆ್ಯಪ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಾಟ್ ಮ್ಯಾಟ್ರಿಕ್ಸ್ ಮರೆತುಬಿಡಿ. ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ ಕಪ್ಸ್ ಆದರೆ ಎರಡಕ್ಕೂ ಪ್ರಯತ್ನ ಮಾಡಬಹುದು. ಆಂಡ್ರಾಯ್ಡ್ ಆ್ಯಪ್‌ನಿಂದ ಪಿಡಿಎಫ್ ಉಳಿಸಿ, ಲಿನಕ್ಸ್ ಕಡೆಯಿಂದ ಪ್ರಿಂಟ್ ಕೊಡೋದು ಸದ್ಯಕ್ಕೆ ದಾರಿ.

ಸೇವಾಕೇಂದ್ರ_586 (ವಿಜಯಪುರ ಜಿಲ್ಲೆ)

ಅನುಭವ ಉಲ್ಟಾ ಇರುವವನೊಬ್ಬ ಇಲ್ಲಿದ್ದೇನೆ. ನಾನು ಹಳ್ಳಿಯಲ್ಲಿ ಸೇವಾ ಕೇಂದ್ರ ನಡೆಸುತ್ತೇನೆ. ಬೆರಳಚ್ಚು ಯಂತ್ರಕ್ಕೆ ಆಧಾರ್‌ನ ಆರ್‌ಡಿ ಸರ್ವಿಸ್ ಅನ್ನೋ ತಂತ್ರಾಂಶ ಬೇಕು. ಅದು ವಿಂಡೋಸ್‌ಗೂ ಇದೆ, ಆಂಡ್ರಾಯ್ಡ್‌ಗೂ ಇದೆ. ವಿಂಡೋಸ್‌ನಲ್ಲಿ ಅಪ್‌ಡೇಟ್ ಬಂದ ದಿನ ಬೆಳಿಗ್ಗೆ ಯಂತ್ರ ಸಿಗೋದಿಲ್ಲ ಅನ್ನುತ್ತದೆ, ಹೊರಗೆ ಪಿಂಚಣಿಗೆ ಬಂದ ಅಜ್ಜಿಯರು ಸಾಲಾಗಿ ಕೂತಿರುತ್ತಾರೆ. ಆಗ ನಾನು ಮಾಡೋದೇ ಇಷ್ಟು: ಅದೇ ಯಂತ್ರವನ್ನು ಒಟಿಜಿ ತಂತಿಯಿಂದ ಫೋನಿಗೆ ಚುಚ್ಚಿ ಕೆಲಸ ಮುಗಿಸುತ್ತೇನೆ. ಬಾಹ್ಯ ಯಂತ್ರಕ್ಕೆ ಆಂಡ್ರಾಯ್ಡ್ ಆಗೋದಿಲ್ಲ ಅನ್ನೋರು ನಮ್ಮ ಕೇಂದ್ರಕ್ಕೆ ಬಂದು ನೋಡಿ.

ಆದರೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ, ಡಾಂಗಲ್ ವಿಷಯದಲ್ಲಿ ಕೈಚೆಲ್ಲಿದೆ. ಪಂಚಾಯತಿಯಲ್ಲಿ ಆಸ್ತಿ ದಾಖಲೆಯ ಇ-ಸ್ವತ್ತು ಕೆಲಸಕ್ಕೆ ಡಿಜಿಟಲ್ ಸಹಿ ಹಾಕೋ ಕಂಪ್ಯೂಟರ್ ವಿಂಡೋಸ್‌ನದೇ, ಅದನ್ನು ಯಾರೂ ಅಲುಗಾಡಿಸೋದಿಲ್ಲ. ನಾನೂ ಅಲುಗಾಡಿಸಲು ಹೋಗೋದಿಲ್ಲ.

ಉದ್ಯಮಬಾಗ_ಲೇಥ್

ಸೇವಾಕೇಂದ್ರದವರೇ, ಇದೇ ನಾನು ಹೇಳಲು ಹೊರಟಿದ್ದು. ಯಂತ್ರ ಮಾಡೋ ಕಂಪನಿ ಮೊದಲು ವಿಂಡೋಸ್ ನೋಡುತ್ತದೆ, ಆಮೇಲೆ ಆಂಡ್ರಾಯ್ಡ್. ಡೆಸ್ಕ್‌ಟಾಪ್ ಲಿನಕ್ಸ್ ಕೊನೆಗೆ, ಬಂದರೆ ಬಂತು. ಹಾಗಾದರೆ ಎರಡನೇ ಸಾಲಿನಲ್ಲಿ ಇರೋದನ್ನೇ ನಾವು ತೆಗೆದುಕೊಂಡರೆ ಅರ್ಧ ಕೆಲಸ ಮುಗಿದಂತೆ ಅಲ್ವಾ?

ಹಳೆ_ಪೆಂಟಿಯಂ

ಮುಗಿಯೋದಿಲ್ಲ. ಆರ್‌ಡಿ ಸರ್ವಿಸ್ ರೂಟ್ ಮಾಡಿದ (ಸಿಸ್ಟಂನ ಪೂರ್ತಿ ಅಧಿಕಾರ ತೆರೆದ) ಫೋನಿನಲ್ಲೇ ಓಡಲು ಒಪ್ಪೋದಿಲ್ಲ, ನಿಮ್ಮ ಲಿನಕ್ಸ್ ಮೇಲಿನ ಆಂಡ್ರಾಯ್ಡನ್ನು ಒಪ್ಪುತ್ತದಾ?

ಇನ್ನು ಬ್ಯಾಂಕ್ ಆ್ಯಪ್. ಗೂಗಲ್‌ಗೆ ಪ್ಲೇ ಇಂಟೆಗ್ರಿಟಿ ಅಂತ ಒಂದು ಪರೀಕ್ಷೆ ಇದೆ. ಇದು ನಾವು ಒಪ್ಪಿದ ಸಾಧನವೇ, ಅದನ್ನು ಶುರು ಮಾಡೋ ಬೂಟ್‌ಲೋಡರ್‌ಗೆ ಬೀಗ ಹಾಕಿದೆಯೇ ಅಂತ ಆ್ಯಪ್ ಕೇಳುತ್ತದೆ, ಗೂಗಲ್ ಉತ್ತರ ಕೊಡುತ್ತದೆ. ನಮ್ಮ ಮನೆಯಲ್ಲಿ ಮಾಡಿಕೊಂಡ ಆಂಡ್ರಾಯ್ಡ್‌ಗೆ ಆ ಪರೀಕ್ಷೆಯ ಗಟ್ಟಿ ಹಂತ ದಾಟೋದು ಆಗೋದಿಲ್ಲ. ನನ್ನ ಬ್ಯಾಂಕಿನ ಆ್ಯಪ್ ತೆರೆದೆ, ನಿಮ್ಮ ಸಾಧನ ಸುರಕ್ಷಿತವಲ್ಲ ಅಂತ ಕೆಂಪು ಪಟ್ಟಿ ತೋರಿಸಿ ಮುಚ್ಚಿಕೊಂಡಿತು. ಅದೇ ಬ್ಯಾಂಕಿನ ವೆಬ್‌ಸೈಟ್ ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಆರಾಮಾಗಿ ತೆರೆಯುತ್ತದೆ. ಇದಕ್ಕೆ ಏನನ್ನಬೇಕು?

ನೀನು ಅಪಾಚೆ ಲೈಸೆನ್ಸ್ ಅಂದೆ ತಮ್ಮಾ. ತೆರೆದಿರೋದು ಆಂಡ್ರಾಯ್ಡ್‌ನ ಬುಡ. ಪ್ಲೇ ಸ್ಟೋರ್, ಪ್ಲೇ ಸರ್ವಿಸಸ್, ಮ್ಯಾಪ್, ನೋಟಿಫಿಕೇಶನ್ ಕಳಿಸೋ ವ್ಯವಸ್ಥೆ ಎಲ್ಲ ಗೂಗಲ್‌ನ ಸ್ವಂತದ್ದು, ಮುಚ್ಚಿದ್ದು. ಬಹಳಷ್ಟು ಆ್ಯಪ್‌ಗಳು ಅದಿಲ್ಲದೆ ಅರ್ಧಂಬರ್ಧ ಓಡುತ್ತವೆ. 2019ರಲ್ಲಿ ಅಮೆರಿಕದ ನಿರ್ಬಂಧದಿಂದ ಹುವಾವೆಗೆ ಅವು ತಪ್ಪಿಹೋದವು, ಅಷ್ಟು ದೊಡ್ಡ ಕಂಪನಿ ಕೊನೆಗೆ ಆಂಡ್ರಾಯ್ಡನ್ನೇ ಬಿಟ್ಟು ತನ್ನದೇ ಹಾರ್ಮನಿ ಓಎಸ್ ಮಾಡಿಕೊಂಡಿತು, 2025ರಲ್ಲಿ ಅದರ ಲ್ಯಾಪ್‌ಟಾಪ್ ಕೂಡ ತಂದಿತು. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ದಂಡ ಹಾಕಿದ್ದೂ ಆಂಡ್ರಾಯ್ಡ್ ಮೇಲಿನ ಈ ಹಿಡಿತದ ಕಾರಣಕ್ಕೇ.

ಮತ್ತೆ 2025ರ ಮಾರ್ಚ್‌ನಿಂದ ಆಂಡ್ರಾಯ್ಡ್ ಬೆಳವಣಿಗೆಯ ಕೆಲಸವನ್ನೆಲ್ಲ ಗೂಗಲ್ ಒಳಗೊಳಗೇ ಮಾಡುತ್ತದೆ, ಕೋಡ್ ಹೊರಬರೋದು ಬಿಡುಗಡೆಯಾದ ಮೇಲೆ. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ಹೇಳಿದರು, ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಬರೆಯೋರೂ ತಮ್ಮ ಗುರುತನ್ನು ಗೂಗಲ್ ಹತ್ತಿರ ದಾಖಲಿಸಬೇಕು, 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಲ್ಲಿ ಶುರು, ಆಮೇಲೆ ಉಳಿದ ದೇಶಗಳು. ಬಾಡಿಗೆ ಮನೆಗೆ ಸ್ವಂತ ದುಡ್ಡಲ್ಲಿ ಟೈಲ್ಸ್ ಹಾಕಿಸೋ ಕೆಲಸ ಇದು.

ನೀಲಿ_ಪರದೆ (ಜಮಖಂಡಿ)

ಇಷ್ಟೆಲ್ಲ ಯಾಕೆ? ವೆಬ್ ಸಾಕಲ್ವಾ? ಸೇವಾ ಸಿಂಧು ಬ್ರೌಸರ್‌ನಲ್ಲಿದೆ, ಬ್ಯಾಂಕ್ ಬ್ರೌಸರ್‌ನಲ್ಲಿದೆ, ಜಿಎಸ್‌ಟಿ ಬ್ರೌಸರ್‌ನಲ್ಲಿದೆ.

ಸೇವಾಕೇಂದ್ರ_586

ನೆಟ್ ಇದ್ದರೆ ಎಲ್ಲ ಇದೆ ಸರ್.

ಕೋಡ್_ಕರದಂಟು

ವೆಬ್ ಬೇಡ ಅಂತಲ್ಲ. ಹೊಸದಾಗಿ ಬರೆಯೋರಿಗೆ ಫ್ಲಟರ್ ಅನ್ನೋ ಆ್ಯಪ್ ಬರೆಯೋ ಸಾಧನ ಕೂಡ ಇದೆ, 2022ರ ಮೂರನೇ ಆವೃತ್ತಿಯಿಂದ ಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಕ್ಕೂ ಒಂದೇ ಕೋಡ್. ಆದರೆ ಈಗಾಗಲೇ ಬರೆದು ಇಟ್ಟಿರೋ ಆ್ಯಪ್‌ಗಳನ್ನು ಯಾರು ಮತ್ತೆ ಬರೆಯುತ್ತಾರೆ? ಆಂಡ್ರಾಯ್ಡ್ ಪದರದ ಬೆಲೆ ಇರೋದೇ ಅಲ್ಲಿ, ಬರೆದವನಿಗೆ ಹೇಳದೆ ಕೇಳದೆ ಓಡಿಸಬಹುದು ಅನ್ನೋದರಲ್ಲಿ. ವಾಲ್ವ್ ಕಂಪನಿ 2018ರಿಂದ ಪ್ರೋಟಾನ್‌ನಲ್ಲಿ ಮಾಡಿದ್ದು ಇದೇ, ವಿಂಡೋಸ್ ಗೇಮ್‌ಗಳನ್ನು ಹಾಗೇ ಲಿನಕ್ಸ್‌ನಲ್ಲಿ ಓಡಿಸಿದರು. ಗೇಮ್ ಬರೆದವರನ್ನು ಬೇಡಿಕೊಂಡು ಕೂತಿದ್ದರೆ ಸ್ಟೀಮ್ ಡೆಕ್ ಬರುತ್ತಲೇ ಇರಲಿಲ್ಲ.

ಮೇಷ್ಟ್ರು_ಮಲಪ್ರಭಾ (ಬೈಲಹೊಂಗಲ)

ಶಾಲೆಯ ಲ್ಯಾಬ್ ದೃಷ್ಟಿಯಿಂದ ಕೇಳುತ್ತೇನೆ. ನಮ್ಮ ಮಕ್ಕಳಿಗೆ ಪಾಠದ ಆ್ಯಪ್‌ಗಳೆಲ್ಲ ಫೋನಿನಲ್ಲಿವೆ, ಲ್ಯಾಬ್‌ನಲ್ಲಿ ನಾಲ್ಕು ಜಿಬಿ ರ‍್ಯಾಮ್‌ನ ಹಳೆ ಪಿಸಿಗಳಿವೆ. ಲಿನಕ್ಸ್ ಮೇಲೆ ಆಂಡ್ರಾಯ್ಡ್ ಹಾಕಲು ನಿಜವಾಗಿ ಏನು ಮಾಡಬೇಕು? ಜಿಯೋಬುಕ್ ಅಂತ ಬಂದಿತ್ತಲ್ಲ, ಅದೂ ಇಂಥದ್ದೇ ಅಲ್ವಾ?

ಉದ್ಯಮಬಾಗ_ಲೇಥ್

ಸರ್, ಜಿಯೋಬುಕ್ 2023ರಲ್ಲಿ 16,499 ರೂಪಾಯಿಗೆ ಬಂತು, ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಜಾಗ, ಮೀಡಿಯಾಟೆಕ್ ಚಿಪ್. ಅದರ ಜಿಯೋ ಓಎಸ್ ಆಂಡ್ರಾಯ್ಡ್‌ನಿಂದಲೇ ಮಾಡಿದ್ದು. ಹಾಗಾಗಿ ಹೌದು, ಆ ಜಾತಿಯದೇ. ಅದರಲ್ಲಿ ಕೆಳಗೂ ಆಂಡ್ರಾಯ್ಡ್, ಮೇಲೂ ಆಂಡ್ರಾಯ್ಡ್. ನಾನು ಹೇಳೋದು ಬೇರೆ.

ನಿಮ್ಮ ಲ್ಯಾಬ್‌ಗೆ ಲಿನಕ್ಸ್ ಮೇಲೆ ಆಂಡ್ರಾಯ್ಡ್ ಓಡಿಸೋ ವೇಡ್ರಾಯ್ಡ್ ನೋಡಿ. ಮೊದಲು 2017ರಲ್ಲಿ ಆನ್‌ಬಾಕ್ಸ್ ಅಂತ ಒಂದಿತ್ತು, ಅದು ನಿಧಾನವಾಗಿ ಸತ್ತಿತು, 2021ರಲ್ಲಿ ವೇಡ್ರಾಯ್ಡ್ ಬಂತು. ಇದು ಫೋನಿನ ನಕಲು ಯಂತ್ರ (ಎಮ್ಯುಲೇಟರ್) ಅಲ್ಲ. ಆಂಡ್ರಾಯ್ಡ್ ಇಡೀ ಸಿಸ್ಟಂ ಒಂದು ಬೇರ್ಪಟ್ಟ ಡಬ್ಬಿಯಲ್ಲಿ (ಕಂಟೇನರ್) ಕೂರುತ್ತದೆ, ಕೆಳಗಿನ ಲಿನಕ್ಸ್ ಕರ್ನಲ್ಲನ್ನೇ ಹಂಚಿಕೊಳ್ಳುತ್ತದೆ. ಒಳಗಿರೋದು ಆಂಡ್ರಾಯ್ಡ್‌ನದೇ ಒಂದು ರೂಪ, ಲೈನೇಜ್ ಓಎಸ್. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ಓಡೋ ಪೂರ್ತಿ ವರ್ಚುವಲ್ ಮಷಿನ್‌ಗಿಂತ ಹಗುರ. ಆದರೆ ಕರ್ನಲ್‌ನಲ್ಲಿ ಬೈಂಡರ್ ಅನ್ನೋ ಭಾಗ ಇರಬೇಕು, ಆಂಡ್ರಾಯ್ಡ್ ಆ್ಯಪ್‌ಗಳು ಒಂದಕ್ಕೊಂದು ಮಾತಾಡೋದೇ ಅದರ ಮೂಲಕ. ಉಬುಂಟುವಿನಲ್ಲಿ ಸಿಗುತ್ತದೆ. ಲಾಗಿನ್ ಆಗುವಾಗ ತೆರೆ ನಡೆಸೋ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಷನ್ ಆರಿಸಬೇಕು. ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇದ್ದರೆ ಬದುಕಿದಿರಿ. ಎನ್‌ವಿಡಿಯಾ ಕಾರ್ಡ್ ಅದರ ಸ್ವಂತ ಡ್ರೈವರ್ ಜೊತೆ ಇದ್ದರೆ ತೆರೆ ಚಿತ್ರಿಸೋ ಕೆಲಸವೆಲ್ಲ ಸಿಪಿಯು ಮೇಲೆ ಬೀಳುತ್ತದೆ, ಆಮೆ ನಡಿಗೆ. ಕಿಟಕಿಗಳು ಬೇರೆ ಬೇರೆಯಾಗಿ ತೆರೆಯಲು ಒಂದು ಸೆಟ್ಟಿಂಗ್ ಇದೆ, ಹಾಕಿದ ಮೇಲೆ ಫೈರ್‌ಫಾಕ್ಸ್ ಪಕ್ಕದಲ್ಲಿ ಆಂಡ್ರಾಯ್ಡ್ ಆ್ಯಪ್ ಸಹಜವಾಗಿ ಕೂರುತ್ತದೆ.

ನಾಲ್ಕು ಜಿಬಿಯಲ್ಲಿ ಮಾತ್ರ ಒದ್ದಾಡುತ್ತದೆ ಸರ್. ಆಂಡ್ರಾಯ್ಡ್ ಒಂದೇ ಎದ್ದು ಕೂತರೆ ಜಿಬಿಗಿಂತ ಜಾಸ್ತಿ ತಿನ್ನುತ್ತದೆ, ಮೇಲೆ ಬ್ರೌಸರ್ ತೆರೆದರೆ ಡಿಸ್ಕ್ ದೀಪ ಆರೋದೇ ಇಲ್ಲ. ಎಂಟು ಮಾಡಿಸಿ.

ಕೋಡ್_ಕರದಂಟು

ಒಂದು ಸೇರಿಸುತ್ತೇನೆ. ಫೋನ್ ಚಿಪ್ ಎಆರ್‌ಎಂ ಜಾತಿಯದು, ಲ್ಯಾಬ್‌ನ ಪಿಸಿಯದು ಎಕ್ಸ್86 ಜಾತಿ. ಬರೀ ಜಾವಾ, ಕೋಟ್ಲಿನ್‌ನಲ್ಲಿ ಬರೆದ ಆ್ಯಪ್‌ಗೆ ಇದು ತಾಗೋದಿಲ್ಲ, ಆರ್ಟ್ ಅನ್ನೋ ಆಂಡ್ರಾಯ್ಡ್‌ನ ಒಳಗಿನ ಯಂತ್ರ ಅದನ್ನು ಆಯಾ ಚಿಪ್‌ಗೆ ತಕ್ಕಂತೆ ಬದಲಾಯಿಸಿಕೊಳ್ಳುತ್ತದೆ. ಆದರೆ ಸಿ, ಸಿ++ ಭಾಗ ಇರುವ ಆ್ಯಪ್‌ಗಳು, ಅಂದರೆ ಗೇಮ್, ವಿಡಿಯೋ ಎಡಿಟರ್, ಕೆಲವು ಪಾಠದ ಆ್ಯಪ್, ಎಆರ್‌ಎಂಗೆ ಮಾತ್ರ ತಯಾರಾಗಿದ್ದರೆ ಸುಮ್ಮನೆ ಮುಚ್ಚಿಕೊಳ್ಳುತ್ತವೆ. ಇಂಟೆಲ್‌ನ ಹೂಡಿನಿ ಅಂತ ಅನುವಾದದ ಪದರ ಇದೆ, ವೇಡ್ರಾಯ್ಡ್ ಜೊತೆ ಅದು ಬರೋದಿಲ್ಲ, ಬೇರೆಯಾಗಿ ಹಾಕಬೇಕು, ನಿಧಾನವೂ ಹೌದು. ಮೇಷ್ಟ್ರೇ, ಮಕ್ಕಳಿಗೆ ಬೇಕಾದ ಆ್ಯಪ್‌ಗಳನ್ನು ಒಂದು ಪಿಸಿಯಲ್ಲಿ ಮೊದಲು ಹಾಕಿ ನೋಡಿ, ಆಮೇಲೆ ಇಡೀ ಲ್ಯಾಬ್.

ಹಳೆ_ಪೆಂಟಿಯಂ

ಮತ್ತೆ ಒಂದು ಮಾತು. ಕ್ರೋಮ್ ಓಎಸ್‌ನವರು ಮೊದಲು ಇದೇ ರೀತಿ ಕಂಟೇನರ್‌ನಲ್ಲಿ ಆಂಡ್ರಾಯ್ಡ್ ಇಟ್ಟಿದ್ದರು. ಆಮೇಲೆ ಅದನ್ನು ವರ್ಚುವಲ್ ಮಷಿನ್‌ಗೆ ಸಾಗಿಸಿದರು. ಯಾಕೆ? ಕರ್ನಲ್ ಹಂಚಿಕೊಂಡರೆ ಆಂಡ್ರಾಯ್ಡ್ ಒಳಗಿನ ಒಂದು ಕೆಟ್ಟ ಆ್ಯಪ್‌ಗೂ ನಿಮ್ಮ ಕಂಪ್ಯೂಟರ್‌ಗೂ ನಡುವೆ ಇರೋದು ತೆಳು ಗೋಡೆ. ಲೇಥ್ ತಮ್ಮ ಮೊದಲನೇ ಪೋಸ್ಟ್‌ನಲ್ಲಿ ಸುರಕ್ಷತೆಯನ್ನೇ ಹೊಗಳಿದ್ದ, ಅದಕ್ಕೆ ಹೇಳಿದೆ.

ಉದ್ಯಮಬಾಗ_ಲೇಥ್

ಒಪ್ಪುತ್ತೇನೆ ಕಾಕಾ, ಎಲ್ಲೆಲ್ಲಿಂದಲೋ ಇಳಿಸಿದ ಎಪಿಕೆ ಹಾಕೋರಿಗೆ ಆ ಗೋಡೆ ಸಾಲದು. ಹಳೆ ಪಿಸಿಯಲ್ಲಿ ವರ್ಚುವಲ್ ಮಷಿನ್‌ಗೆ ಜಾಗ ಎಲ್ಲಿದೆ ಅನ್ನೋದೂ ನಿಜ. ತಮಾಷೆ ನೋಡಿ, ಗೂಗಲ್ ಈಗ ಉಲ್ಟಾ ಕೂಡ ಮಾಡಿದೆ. 2025ರ ಮಾರ್ಚ್‌ನಿಂದ ಪಿಕ್ಸೆಲ್ ಫೋನಿನಲ್ಲಿ ಟರ್ಮಿನಲ್ ಅಂತ ಆ್ಯಪ್ ಬಂತು, ತೆರೆದರೆ ವರ್ಚುವಲ್ ಮಷಿನ್ ಒಳಗೆ ಡೆಬಿಯನ್ ಓಡುತ್ತದೆ. ನಾವು ಲಿನಕ್ಸ್ ಒಳಗೆ ಆಂಡ್ರಾಯ್ಡ್ ತುರುಕುತ್ತಿದ್ದೇವೆ, ಅವರು ಆಂಡ್ರಾಯ್ಡ್ ಒಳಗೆ ಲಿನಕ್ಸ್.

ನನ್ನ ನಿಲುವು ಹೀಗೆ ನಿಲ್ಲುತ್ತದೆ. ಬ್ಯಾಂಕ್, ಆಧಾರ್ ಬಿಡಿ, ಅವು ಗೂಗಲ್ ಮುದ್ರೆ ಇಲ್ಲದೆ ಬರೋದಿಲ್ಲ, ಅವಕ್ಕೆ ಫೋನ್ ಇದೆ. ಪಾಠ, ಬಿಲ್ಲಿಂಗ್, ನಿಘಂಟು, ಮಂಡಿ ರೇಟ್, ಹವಾಮಾನ, ಟಿಪ್ಪಣಿ, ಸಣ್ಣಪುಟ್ಟ ಎಡಿಟಿಂಗ್, ಇಂಥವಕ್ಕೆ ಲಿನಕ್ಸ್‌ನವರೆಲ್ಲ ಸೇರಿ ಆಂಡ್ರಾಯ್ಡ್ ಪದರವನ್ನು ಮೊದಲಿನಿಂದಲೇ ಕೂರಿಸಿ ಕೊಡಲಿ. ಎಪಿಕೆ ಮೇಲೆ ಎರಡು ಸಲ ಒತ್ತಿದರೆ ತೆರೆಯಬೇಕು. ಐಬಸ್ ಒಳಗೆ ಹೋಗಬೇಕು, ಕಪ್ಸ್‌ಗೆ ಪ್ರಿಂಟ್ ಬರಬೇಕು, ಡೌನ್‌ಲೋಡ್ ಫೋಲ್ಡರ್ ಎರಡೂ ಕಡೆ ಒಂದೇ ಆಗಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ, ಫೈಲ್ ಎಲ್ಲಿ ಹೋಯಿತು ಅಂತ ಜನ ನನ್ನನ್ನು ಕೇಳುವಷ್ಟು ಬೇರೆ ಏನನ್ನೂ ಕೇಳೋದಿಲ್ಲ.

ಅಚ್ಚುಕೂಟ_ಅಕ್ಕ

ಐಬಸ್ ಮೊದಲು ಹಾಕು ತಮ್ಮಾ, ಫೋಲ್ಡರ್ ಆಮೇಲೆ.

ಮಗ್ಗದ_ಮನೆ (ಬನಹಟ್ಟಿ)

ಹಾಗಾದರೆ ನನ್ನ ಡಿಸೈನ್ ಕಂಪ್ಯೂಟರ್‌ಗೆ ಏನು ಮಾಡಲಿ? ಅದೂ ವಿಂಡೋಸ್ 10ದೇ.

ಹಳೆ_ಪೆಂಟಿಯಂ

ಏನೂ ಮಾಡಬೇಡಿ. ಡಿಸೈನ್ ಪೆನ್‌ಡ್ರೈವ್‌ನಲ್ಲೇ ಹೋಗುತ್ತದಲ್ಲ, ನೆಟ್ ತಂತಿ ಕಿತ್ತಿಡಿ, ಹಾಗೇ ಓಡಲಿ. ನೆಟ್ ಬೇಕೇ ಬೇಕು ಅಂದರೆ ಮೈಕ್ರೋಸಾಫ್ಟ್ ಸಾಮಾನ್ಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅಂತ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಮಾಡಿದೆ, ಅದಕ್ಕೆ ಸೇರಿಕೊಳ್ಳಿ. ಪೆನ್‌ಡ್ರೈವನ್ನು ಮಾತ್ರ ಬೇರೆಯವರ ಕಂಪ್ಯೂಟರ್‌ಗೆ ಚುಚ್ಚಬೇಡಿ. ಡಿಸೈನ್ ಫೈಲ್‌ಗಳ ಒಂದು ಪ್ರತಿ ಇನ್ನೊಂದು ಡಿಸ್ಕ್‌ನಲ್ಲಿ ಇರಲಿ, ಇವತ್ತೇ ಮಾಡಿ.

ಮೇಷ್ಟ್ರು_ಮಲಪ್ರಭಾ (ಬೈಲಹೊಂಗಲ)

ಒಂದು ಪಿಸಿಗೆ ಎಂಟು ಜಿಬಿ ಹಾಕಿಸುತ್ತೇನೆ. ಡಿಡಿಆರ್3 ರ‍್ಯಾಮ್ ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಯಾರ ಹತ್ತಿರ ಸಿಗುತ್ತದೆ, ಗೊತ್ತಿದ್ದವರು ಮೆಸೇಜ್ ಮಾಡಿ.